ಕೂಸು ಕಟ್ಟಿಕೊಂಡು ಗೋವಾಕ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಗೋವಾದ ವಾಸ್ಕೋದಲ್ಲಿ ಮನೆ ಮಾಡಿ ಹದಿನಾಲ್ಕು ವರ್ಷ ಆಯಿತು. ದಸರಾ ರಜೆ ಹತ್ತಿರ ಬಂತು ಅಂದರೆ ಫೋನ್ ಶುರು. ಹುಬ್ಬಳ್ಳಿಯ ಅತ್ತಿಗೆ, ಬೆಂಗಳೂರಿನ ಗೆಳತಿ, ಗೆಳತಿಯ ಆಫೀಸಿನವರು, ಅವರ ಪಕ್ಕದ ಮನೆಯವರು. ಮಕ್ಕಳಿಗೆ ಸಮುದ್ರ ತೋರಿಸಬೇಕು ಅಂತ ಆಸೆ, ಗೋವಾ ಅಂದರೆ ಕುಡಿತ, ಕ್ಯಾಸಿನೊ, ರಾತ್ರಿ ಪಾರ್ಟಿ ಅಂತ ಅಳುಕು. ಹೇಳಿದ್ದನ್ನೇ ಹೇಳಿ ನನಗೂ ಸಾಕಾಗಿದೆ. ಅದಕ್ಕೆ ಒಂದು ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಹೊರಡುವ ಮೊದಲು

ಅಲ್ರೀ, ಗೋವಾ ಸಣ್ಣ ಹುಡುಗರನ್ನ ಕರಕೊಂಡು ಬರೋ ಊರೇನ್ರಿ?

ಹೌದು, ಆದರೆ ಅದು ಎರಡು ಪಾಳಿಯಲ್ಲಿ ನಡೆಯುವ ಊರು. ಬೆಳಗ್ಗೆ ಆರರಿಂದ ಸೂರ್ಯ ಮುಳುಗುವವರೆಗೆ ಒಂದು ಪಾಳಿ. ಆಗ ಮೀನುಗಾರರು ಬಲೆ ಎಳೆಯುತ್ತಾರೆ, ಶಾಲೆ ಮಕ್ಕಳು ಫೆರ್ರಿ ಹತ್ತುತ್ತಾರೆ, ಬೀಚಿನಲ್ಲಿ ಅಜ್ಜಂದಿರು ವಾಕಿಂಗ್ ಮಾಡುತ್ತಾರೆ. ರಾತ್ರಿ ಒಂಬತ್ತರ ಮೇಲೆ ಎರಡನೇ ಪಾಳಿ. ಟಿವಿಯಲ್ಲಿ, ರೀಲ್ಸ್‌ನಲ್ಲಿ ನೀವು ನೋಡಿರುವುದು ಬರೀ ಎರಡನೆಯದು. ಅದೂ ಕಲಂಗುಟ್‌ನಿಂದ ವಾಗಾತೋರ್‌ವರೆಗಿನ ಕೆಲವೇ ಕಿಲೋಮೀಟರಿನ ಪಟ್ಟಿಯಲ್ಲಿ ಮತ್ತು ಪಣಜಿಯ ಮಾಂಡೋವಿ ನದಿಯ ಮೇಲಿನ ಕ್ಯಾಸಿನೊ ಹಡಗುಗಳಲ್ಲಿ. ಮಕ್ಕಳ ಜೊತೆ ಬರುವವರು ಮೊದಲ ಪಾಳಿಯಲ್ಲಿ ಇದ್ದು, ಎರಡನೆಯದು ಶುರುವಾಗುವ ಹೊತ್ತಿಗೆ ಊಟ ಮುಗಿಸಿ ಮಲಗಿಬಿಟ್ಟರೆ ಅರ್ಧ ತಲೆನೋವು ಇಲ್ಲ.

ನನ್ನ ಇಬ್ಬರು ಮಕ್ಕಳೂ ಬೆಳೆದಿದ್ದು ಇಲ್ಲೇ. ಗೋವಾದಲ್ಲಿ ಅಪ್ಪ-ಅಮ್ಮ ಆಗಿರುವವರು ಲಕ್ಷಗಟ್ಟಲೆ ಇದ್ದಾರೆ ಅನ್ನೋದು ಪ್ರವಾಸಿಗರಿಗೆ ಯಾಕೋ ಹೊಳೆಯುವುದೇ ಇಲ್ಲ.

ಮಗುಗೆ ಎಷ್ಟು ವರ್ಷ ಆದ್ಮೇಲೆ ಬಂದ್ರೆ ಒಳ್ಳೇದು?

ನನ್ನ ಅನುಭವದಲ್ಲಿ ಒಂದು ವರ್ಷದೊಳಗಿನ ಕೂಸು ಸುಲಭ. ಹಾಲು ಕುಡಿಯುತ್ತದೆ, ಮಲಗುತ್ತದೆ. ನಾಲ್ಕರ ಮೇಲಿನ ಮಕ್ಕಳೂ ಸುಲಭ, ಮಾತು ಕೇಳುತ್ತಾರೆ. ನಡುವೆ ಒಂದೂವರೆಯಿಂದ ಮೂರೂವರೆವರೆಗಿನವರು ಇದ್ದಾರಲ್ಲ, ಅವರು ನೀರು ಕಂಡರೆ ಓಡುತ್ತಾರೆ, ಮರಳು ತಿನ್ನುತ್ತಾರೆ, ಮಧ್ಯಾಹ್ನ ನಿದ್ದೆ ತಪ್ಪಿದರೆ ಸಂಜೆ ಇಡೀ ಅಳುತ್ತಾರೆ. ಬರಬೇಡಿ ಅಂತಲ್ಲ. ಆ ವಯಸ್ಸಿನ ಒಂದು ಮಗುವಿಗೆ ಇಬ್ಬರು ದೊಡ್ಡವರು ಬೇಕು. ಅಷ್ಟು ಲೆಕ್ಕ ಹಾಕಿಕೊಂಡು ಬನ್ನಿ.

ಉತ್ತರ ಗೋವಾನಾ, ದಕ್ಷಿಣ ಗೋವಾನಾ? ಒಂದೇ ಹೇಳಿ, ತಲೆ ತಿನ್ಬೇಡಿ.

ದಕ್ಷಿಣ.

ಕಾರಣ ಬೇಕಿದ್ದರೆ ಮುಂದೆ ಓದಿ. ಬಾಗಾ, ಕಲಂಗುಟ್ ಕಡೆ ಸಂಜೆಯಾದರೆ ರಸ್ತೆಯಲ್ಲಿ ಮಗುವಿನ ಕೈ ಹಿಡಿದು ನಡೆಯುವುದೇ ಕಷ್ಟ. ಬೈಕು, ಜೀಪು, ಕ್ಲಬ್ಬಿಗೆ ಕರೆಯುವ ಹುಡುಗರು. ಕೋಲ್ವಾ, ಬೆನೌಲಿಂ, ವಾರ್ಕಾ, ಕಾವೆಲೋಸಿಂ ಕಡೆ ಉದ್ದನೆಯ ಮರಳು, ಜನ ಹರಡಿಕೊಂಡಿರುತ್ತಾರೆ. ಕೋಲ್ವಾದಲ್ಲಿ ಭಾನುವಾರ ಗದ್ದಲ, ಉಳಿದ ದಿನ ಪರವಾಗಿಲ್ಲ. ಕಾಣಕೋಣದ ಪಾಳೋಲೆಂ ಅರ್ಧಚಂದ್ರದ ಹಾಗೆ ಒಳಗೆ ಬಾಗಿದೆ, ಎರಡೂ ತುದಿಯಲ್ಲಿ ಗುಡ್ಡ. ಅದಕ್ಕೇ ಅಲ್ಲಿ ಅಲೆ ಮೆತ್ತಗೆ. ಸಣ್ಣ ಮಕ್ಕಳಿಗೆ ನಾನು ಮೊದಲು ಹೇಳುವುದು ಅದನ್ನೇ. ಕಾರವಾರದಿಂದ ಬರುವವರಿಗೆ ಹತ್ತಿರ ಬೇರೆ.

ಉತ್ತರವೇ ಬೇಕು ಅನ್ನುವವರು ಮಾಂದ್ರೆ, ಮೊರ್ಜಿಂ ಕಡೆ ನೋಡಿ. ಮೊರ್ಜಿಂನಲ್ಲಿ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಗೂಡಿಗೆ ಬೇಲಿ ಕಟ್ಟಿ ಅರಣ್ಯ ಇಲಾಖೆಯವರು ಕಾಯುತ್ತಾರೆ. ಆ ಬೇಲಿ ತೋರಿಸಿದರೂ ಮಕ್ಕಳಿಗೆ ಅರ್ಧ ದಿನದ ಮಾತಾಗುತ್ತದೆ.

ದಸರಾ ರಜೆಗೆ ಬರೋಣ ಅಂತಿದ್ದೀವಿ. ಸರಿ ಅಲ್ವಾ?

ಅರ್ಧ ಸರಿ. ಅಕ್ಟೋಬರ್ ಮೊದಲಲ್ಲಿ ಮಳೆ ಪೂರ್ತಿ ಹೋಗಿರಲ್ಲ. ಬೀಚಿನ ಶ್ಯಾಕ್‌ಗಳು, ಅಂದರೆ ಬಿದಿರು-ತೆಂಗಿನ ಗರಿಯ ಊಟದ ಚಪ್ಪರಗಳು, ಎಷ್ಟೋ ಕಡೆ ಇನ್ನೂ ಕಟ್ಟುತ್ತಾ ಇರುತ್ತಾರೆ. ಬಿಸಿಲೂ ಸೆಕೆಯೂ ಜಾಸ್ತಿ. ಆದರೆ ಹಸಿರು ಇರುತ್ತದೆ, ದೂಧಸಾಗರ ತುಂಬಿ ಬೀಳುತ್ತಿರುತ್ತದೆ.

ನನ್ನ ಕೇಳಿದರೆ ಜನವರಿ ಎರಡನೇ ವಾರದಿಂದ ಫೆಬ್ರವರಿ ಕೊನೆವರೆಗೆ ಚೆನ್ನ. ಬೆಳಗ್ಗೆ ತಂಪು, ಸಮುದ್ರ ಸುಮ್ಮನಿರುತ್ತದೆ. ಶಾಲೆ ತಪ್ಪಿಸಬೇಕಾಗುತ್ತದೆ, ಎಲ್‌ಕೆಜಿ ಮಗು ನಾಲ್ಕು ದಿನ ತಪ್ಪಿಸಿದರೆ ಏನೂ ಆಗಲ್ಲ. ಬರಲೇಬಾರದ ಹೊತ್ತು ಅಂದರೆ ಡಿಸೆಂಬರ್ 20ರಿಂದ ಜನವರಿ 2. ರೂಮಿನ ಬಾಡಿಗೆ ಎರಡು-ಮೂರು ಪಟ್ಟು, ರಸ್ತೆ ಮೇಲೆ ನಿಂತಲ್ಲೇ ನಿಂತಿರುತ್ತೀರಿ, ರಾತ್ರಿ ಇಡೀ ಸದ್ದು. ನಾವೇ ಆ ಹದಿನೈದು ದಿನ ಉತ್ತರದ ಮಾಪ್ಸಾದ ಕಡೆ ತಲೆ ಹಾಕುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ನೀರಿಗೆ ಇಳಿಯುವ ಹಾಗಿಲ್ಲ. ಮಳೆ ನೋಡಲು ಬರುವುದಾದರೆ ಬನ್ನಿ, ಸಮುದ್ರಕ್ಕೆ ಅಂತ ಬರಬೇಡಿ.

ಫ್ಲೈಟ್ ಬುಕ್ ಮಾಡ್ಬಿಟ್ವಿ. ಏರ್‌ಪೋರ್ಟಿಂದ ರೂಮಿಗೆ ಅರ್ಧ ಗಂಟೆ ತಾನೆ?

ಯಾವ ಏರ್‌ಪೋರ್ಟ್? ಈಗ ಎರಡಿವೆ. ಹಳೆಯದು ದಾಬೋಲಿಂ, ನಮ್ಮ ವಾಸ್ಕೋ ಪಕ್ಕದಲ್ಲಿ. ಹೊಸದು ಮೋಪಾ, ಉತ್ತರದ ತುದಿಯಲ್ಲಿ ಪೆರ್ಣೆಂ ತಾಲೂಕಿನಲ್ಲಿ. ಅಲ್ಲಿ ವಿಮಾನ ಶುರುವಾಗಿದ್ದು 2023ರ ಜನವರಿಯಲ್ಲಿ. ಅಗ್ಗ ಅಂತ ಮೋಪಾಕ್ಕೆ ಟಿಕೆಟ್ ತೆಗೆದು ಪಾಳೋಲೆಂನಲ್ಲಿ ರೂಮ್ ಮಾಡಿದರೆ ವಿಮಾನಕ್ಕಿಂತ ಟ್ಯಾಕ್ಸಿಯಲ್ಲೇ ಹೆಚ್ಚು ಹೊತ್ತು ಕೂರುತ್ತೀರಿ. ಎರಡೂವರೆ ಗಂಟೆ ಇಟ್ಟುಕೊಳ್ಳಿ. ಬಾಡಿಗೆಯೂ ಅದಕ್ಕೆ ತಕ್ಕ ಹಾಗೇ ಇರುತ್ತದೆ. ಓಲಾ, ಊಬರ್ ನಂಬಿಕೊಂಡು ಇಳಿಯಬೇಡಿ. ಇಲ್ಲಿನ ಆ್ಯಪ್ ಬೇರೆ, ಗೋವಾಮೈಲ್ಸ್ ಅಂತ. ಅದು ಬೇಡ ಅಂದರೆ ರೂಮಿನವರಿಗೇ ಮೊದಲೇ ಹೇಳಿ ಗಾಡಿ ಕರೆಸಿಕೊಳ್ಳಿ.

ಮಕ್ಕಳಿದ್ದರೆ ನನಗೆ ರೈಲೇ ಇಷ್ಟ. ಬೆಂಗಳೂರಿಂದ ಯಶವಂತಪುರ–ವಾಸ್ಕೋ ರೈಲಿದೆ, ಹುಬ್ಬಳ್ಳಿ ಮೇಲೆ ಬರುತ್ತದೆ. ಮಂಗಳೂರು ಕಡೆಯವರಿಗೆ 2023ರ ಡಿಸೆಂಬರ್ ಕೊನೆಯಿಂದ ಮಡಗಾಂವ್‌ವರೆಗೆ ವಂದೇ ಭಾರತ್ ಓಡುತ್ತಿದೆ. ಐದು ವರ್ಷದ ಒಳಗಿನವರಿಗೆ ಬೇರೆ ಸೀಟು ಕೇಳದಿದ್ದರೆ ಟಿಕೆಟ್ ಬೇಡ. ಬೆಳಗಾವಿಯಿಂದ ಕಾರಲ್ಲಿ ಬರುವವರೇ, ಚೋರ್ಲಾ ಘಾಟಿನ ತಿರುವಿಗೆ ಮುಂಚೆ ಮಗುವಿಗೆ ಹೊಟ್ಟೆ ತುಂಬ ತಿನ್ನಿಸಬೇಡಿ. ಒಂದೆರಡು ಪ್ಲಾಸ್ಟಿಕ್ ಚೀಲ ಕೈಗೆ ಸಿಗುವ ಹಾಗೆ ಇರಲಿ. ಹೆಚ್ಚು ಹೇಳಲ್ಲ.

## ಬಂದ ಮೇಲೆ

ಸ್ಕೂಟಿ ಬಾಡಿಗೆಗೆ ತಗೊಂಡು ಮಗುನ ಮುಂದೆ ನಿಲ್ಲಿಸ್ಕೊಂಡು ಓಡಾಡಿದ್ರೆ ಆಗಲ್ವಾ?

ಬೇಡ. ಊರಲ್ಲಿ ಎಲ್ಲರೂ ಹಾಗೇ ಓಡಾಡ್ತೀವಿ, ಗೊತ್ತು. ಆದರೆ ಇಲ್ಲಿ ರಸ್ತೆ ಸಣ್ಣದು, ತಿರುವು ಜಾಸ್ತಿ, ಎದುರಿಗೆ ಬರುವವನು ಮಧ್ಯಾಹ್ನವೇ ಬಿಯರ್ ಕುಡಿದಿರಬಹುದು. ಕಾನೂನಿನ ಪ್ರಕಾರ ನಾಲ್ಕು ವರ್ಷದೊಳಗಿನ ಮಗುವನ್ನು ಬೈಕಲ್ಲಿ ಕೂರಿಸಿದರೆ ಅದನ್ನು ಓಡಿಸುವವರಿಗೆ ಸೇರಿಸಿ ಕಟ್ಟುವ ಬೆಲ್ಟ್ ಬೇಕು, ಮಗುವಿಗೆ ಹೆಲ್ಮೆಟ್ ಬೇಕು, ಗಂಟೆಗೆ 40 ಕಿಲೋಮೀಟರ್ ದಾಟಬಾರದು. ಆ ಅಳತೆಯ ಹೆಲ್ಮೆಟ್ ಯಾವ ಬಾಡಿಗೆ ಅಂಗಡಿಯಲ್ಲೂ ನಾನು ಕಂಡಿಲ್ಲ.

ಕಾರು ತೆಗೆದುಕೊಳ್ಳಿ. ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ ಇರಬೇಕು. ಅದೇ ಬಾಡಿಗೆಗೆ ಕೊಡಲು ಪರವಾನಗಿ ಇರುವ ಗಾಡಿ. ಬಿಳಿ ಪ್ಲೇಟಿನದು ಅಗ್ಗಕ್ಕೆ ಸಿಗುತ್ತದೆ, ಪೊಲೀಸರು ಹಿಡಿದರೆ ಬಿಸಿಲಲ್ಲಿ ಮಗು ಎತ್ತಿಕೊಂಡು ನಿಲ್ಲುವವರು ನೀವು.

ನಮ್ಮ ಮಗಳು ಅನ್ನ-ಮೊಸರು ಬಿಟ್ಟು ಬೇರೆ ಮುಟ್ಟಲ್ಲ. ಅಲ್ಲಿ ಬರೀ ಮೀನೇ ಅಲ್ವಾ?

ಅನ್ನದ ಊರು ಇದು. ಗೋವಾದವರಿಗೆ ಅನ್ನ-ಸಾರು ಇಲ್ಲದಿದ್ದರೆ ಊಟವೇ ಆಗಲ್ಲ. ಮುಂಚೆ ಬೆಳಗ್ಗೆ ಹತ್ತು-ಹನ್ನೊಂದಕ್ಕೆ ಗಂಜಿ ಕುಡಿಯುತ್ತಿದ್ದರು, ಅದಕ್ಕೆ ‘ಪೇಜ್’ ಅನ್ನುತ್ತಾರೆ. ಈಗಲೂ ಹೋಂಸ್ಟೇಗಳಲ್ಲಿ ಕೇಳಿದರೆ ಮಾಡಿಕೊಡುತ್ತಾರೆ. ಪಣಜಿ, ಮಡಗಾಂವ್, ವಾಸ್ಕೋ ಪೇಟೆಯಲ್ಲಿ ಇಡ್ಲಿ-ದೋಸೆ ಹೋಟೆಲ್‌ಗಳಿಗೆ ಬರವಿಲ್ಲ, ಎಷ್ಟೋ ಕಡೆ ನಡೆಸುವವರು ನಮ್ಮ ಉಡುಪಿ-ಕುಂದಾಪುರ ಕಡೆಯವರೇ. ತೊಂದರೆ ಬರುವುದು ಬೀಚಿನಲ್ಲಿ. ಶ್ಯಾಕ್‌ನಲ್ಲಿ ಆರ್ಡರ್ ಕೊಟ್ಟ ಮೇಲೆ ನಲವತ್ತು ನಿಮಿಷ ಆಗಬಹುದು, ಹಸಿದ ಮಗು ಅಷ್ಟು ಕಾಯಲ್ಲ. ನಾನು ಡಬ್ಬಿಯಲ್ಲಿ ಮೊಸರನ್ನ ಒಯ್ಯುತ್ತೇನೆ, ಅಲ್ಲಿ ಎಳನೀರು ಕೊಡಿಸುತ್ತೇನೆ.

ಆರ್ಡರ್ ಮಾಡುವಾಗ ‘ತೀಖ್ ನಾಕಾ’ ಅನ್ನಿ. ಖಾರ ಬೇಡ ಅಂತ. ಎರಡೇ ಮಾತು ಕೊಂಕಣಿ ಆಡಿದ್ದಕ್ಕೆ ಮಗುವಿಗೆ ಒಂದು ಬಾಳೆಹಣ್ಣು ಬಿಟ್ಟಿ ಸಿಕ್ಕಿದ್ದೂ ಇದೆ.

ಎಲ್ಲಾ ಹೋಟೆಲ್ ಮೇಲೂ ‘ಬಾರ್ ಆ್ಯಂಡ್ ರೆಸ್ಟೋರೆಂಟ್’ ಅಂತ ಬರ್ದಿದೆಯಲ್ರೀ! ಒಳಗೆ ಹೆಂಗೆ ಹೋಗೋದು?

ಹೋಗಿ. ನಮ್ಮ ಕಡೆ ಬಾರ್ ಅಂದರೆ ಕತ್ತಲೆ ಕೋಣೆ, ಗಂಡಸರು. ಇಲ್ಲಿ ಹಾಗಲ್ಲ. ಭಾನುವಾರ ಚರ್ಚ್ ಮುಗಿಸಿ ಅಜ್ಜಿ, ಮೊಮ್ಮಗಳು, ಅಪ್ಪ ಎಲ್ಲ ಅಲ್ಲೇ ಊಟಕ್ಕೆ ಕೂರುತ್ತಾರೆ. ಅಪ್ಪನ ಮುಂದೆ ಒಂದು ಗ್ಲಾಸ್ ಇರುತ್ತದೆ, ಯಾರೂ ಅದನ್ನು ದೊಡ್ಡದು ಮಾಡಲ್ಲ. ಒಳಗೆ ಇಣುಕಿ ನೋಡಿ. ಹೆಂಗಸರು, ಮಕ್ಕಳು ಕೂತಿದ್ದರೆ ನೀವೂ ಕೂರಿ. ಬರೀ ಎತ್ತರದ ಸ್ಟೂಲು, ಕೆಂಪು ಬಲ್ಬು ಕಂಡರೆ ಮುಂದಿನದಕ್ಕೆ ನಡೆಯಿರಿ. ಕುಡಿಯಲು 21 ತುಂಬಿರಬೇಕು ಅನ್ನೋದು ಇಲ್ಲೂ ಕಾನೂನು.

ನೀರು ಮೊಣಕಾಲಷ್ಟೇ ಇರುತ್ತಲ್ಲ, ಅದಕ್ಕೂ ಹೆದರಬೇಕಾ?

ಕ್ಯಾಸಿನೊ ಬಗ್ಗೆ ನೂರು ಸಲ ಕೇಳುವವರು ಇದನ್ನು ಒಂದೇ ಸಲ, ಅದೂ ನಗುತ್ತಾ ಕೇಳುತ್ತಾರೆ. ನನಗೆ ಹೆದರಿಕೆ ಇರುವುದು ಇದರದ್ದೇ.

ನಿಮ್ಮ ಮೊಣಕಾಲು ಮೂರು ವರ್ಷದ ಮಗುವಿಗೆ ಸೊಂಟ. ಅಲೆ ವಾಪಸ್ ಹೋಗುವಾಗ ಕಾಲ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಗುತ್ತದೆ, ಮಗು ದೊಪ್ಪನೆ ಕೂರುತ್ತದೆ, ಮುಂದಿನ ಅಲೆ ಮುಖದ ಮೇಲೆ. ಎರಡು ಸೆಕೆಂಡಿನ ಕೆಲಸ. ಅದಕ್ಕೆ ನೀರಿನ ಕಡೆ ನೀವು ನಿಲ್ಲಿ, ಮಗು ದಡದ ಕಡೆ ಇರಲಿ. ಕೈ ಬಿಡಬೇಡಿ. ಫೋಟೋ ತೆಗೆಯುವವರು ಬೇರೆ, ಕೈ ಹಿಡಿಯುವವರು ಬೇರೆ ಇರಬೇಕು.

ಇನ್ನೊಂದು, ಸೆಳೆತ. ದಡಕ್ಕೆ ಬಂದ ನೀರು ವಾಪಸ್ ಹೋಗಲು ದಾರಿ ಹುಡುಕುತ್ತದೆ. ಮರಳ ದಿಬ್ಬಗಳ ನಡುವೆ ಎಲ್ಲಿ ತಗ್ಗಿದೆಯೋ ಅಲ್ಲಿಂದ ಹೊಳೆಯ ಹಾಗೆ ಸಮುದ್ರದೊಳಕ್ಕೆ ಓಡುತ್ತದೆ. ಮೋಸ ಇರುವುದು ಇಲ್ಲೇ. ಅಲ್ಲಿ ಅಲೆ ಒಡೆಯುವುದಿಲ್ಲ, ಅಕ್ಕಪಕ್ಕಕ್ಕಿಂತ ನೀರು ಶಾಂತವಾಗಿ ಕಾಣುತ್ತದೆ. ಮಕ್ಕಳಿಗೆ ಇದೇ ಒಳ್ಳೇ ಜಾಗ ಅಂತ ಅಪ್ಪಂದಿರು ಸರಿಯಾಗಿ ಅಲ್ಲಿಗೇ ಇಳಿಸುತ್ತಾರೆ. ಹಳ್ಳ, ನದಿ ಸಮುದ್ರ ಸೇರುವ ಕಡೆಯೂ ಹೀಗೆ. ಬಾಗಾದ ಹಳ್ಳದ ಬಾಯಿ ಒಂದು, ಪಾಳೋಲೆಂನ ಉತ್ತರ ತುದಿಯ ಹಳ್ಳ ಇನ್ನೊಂದು. ನೀವೇ ಸಿಕ್ಕಿಕೊಂಡರೆ ದಡದ ಕಡೆ ನೇರ ಈಜಿ ಸುಸ್ತಾಗಬೇಡಿ. ತೇಲಿಕೊಂಡಿರಿ, ಕೈ ಎತ್ತಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಿರಿ.

ಲೈಫ್‌ಗಾರ್ಡ್‌ಗಳು ಕೆಂಪು-ಹಳದಿ ಬಾವುಟ ನೆಟ್ಟಿರುತ್ತಾರೆ. ಎರಡು ಬಾವುಟದ ನಡುವೆ ಮಾತ್ರ ನೀರಿಗೆ ಇಳಿಯಬೇಕು. ಬರೀ ಕೆಂಪು ಇದ್ದರೆ ಇಳಿಯುವ ಹಾಗಿಲ್ಲ. ಸೀಟಿ ಊದಿದರೆ ವಾದ ಮಾಡದೆ ಹೊರಗೆ ಬನ್ನಿ. ಸಂಜೆಯಾದ ಮೇಲೆ ಅವರ ಗೋಪುರ ಖಾಲಿ, ಆಮೇಲೆ ನೀರಿನ ಮಾತೇ ಬೇಡ.

ಜೆಲ್ಲಿ ಮೀನು, ನಾಯಿ, ಗಾಜಿನ ಚೂರು… ಇದೆಲ್ಲ ನಿಜಾನಾ, ಸುಮ್ನೆ ಹೆದರಿಸ್ತಾರಾ?

ಮೂರೂ ನಿಜ. ಮಳೆಗಾಲ ಮುಗಿದ ಮೊದಲ ತಿಂಗಳುಗಳಲ್ಲಿ ಜೆಲ್ಲಿ ಮೀನು ದಡಕ್ಕೆ ಬರುತ್ತವೆ. ಮರಳ ಮೇಲೆ ಸತ್ತು ಬಿದ್ದದ್ದೂ ಚುಚ್ಚುತ್ತದೆ, ಮಕ್ಕಳು ಕಡ್ಡಿಯಿಂದ ಚುಚ್ಚಿ ಆಮೇಲೆ ಕೈಯಲ್ಲಿ ಮುಟ್ಟುತ್ತಾರೆ. ಉರಿ ಬಂದರೆ ಉಜ್ಜಬೇಡಿ, ಮರಳು ಹಾಕಬೇಡಿ, ಲೈಫ್‌ಗಾರ್ಡ್ ಹತ್ತಿರ ಕರೆದುಕೊಂಡು ಹೋಗಿ. ಬೀಚಿನ ನಾಯಿಗಳು ಹೆಚ್ಚಾಗಿ ಸಾಧು. ಆದರೂ ಕಚ್ಚಿದರೆ, ಪರಚಿದರೂ ಸರಿ, ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ. ಮಾಪ್ಸಾ ಮತ್ತು ಮಡಗಾಂವ್‌ನಲ್ಲಿ ಜಿಲ್ಲಾಸ್ಪತ್ರೆ, ಬಾಂಬೋಳಿಯಲ್ಲಿ ದೊಡ್ಡ ಮೆಡಿಕಲ್ ಕಾಲೇಜು. ಆಂಬುಲೆನ್ಸ್ 108.

ಗಾಜು ಅಂದರೆ ಒಡೆದ ಬಿಯರ್ ಬಾಟಲಿ. ಬೀಚಿನಲ್ಲಿ ಕುಡಿದರೆ ದಂಡ ಹಾಕುವ ಕಾನೂನು 2019ರಲ್ಲೇ ಬಂದಿದೆ, ಬಾಟಲಿಗಳಿಗೆ ಅದು ಗೊತ್ತಾದಂತಿಲ್ಲ. ಒಣ ಮರಳಲ್ಲಿ ಚಪ್ಪಲಿ ಬಿಡಿಸಬೇಡಿ.

ಬೀಚ್ ಬಿಟ್ರೆ ಮಕ್ಕಳಿಗೆ ಏನಿದೆ ಅಲ್ಲಿ?

ಖರ್ಚಿಲ್ಲದ್ದು ಮೊದಲು ಹೇಳುತ್ತೇನೆ: ಫೆರ್ರಿ. ರಿಬಂದರ್‌ನಿಂದ ಚೋರಾಂವ್ ದ್ವೀಪಕ್ಕೆ, ಹಳೇ ಗೋವಾದಿಂದ ದಿವಾಡಿ ದ್ವೀಪಕ್ಕೆ ಸರ್ಕಾರದ ಚಪ್ಪಟೆ ದೋಣಿಗಳಿವೆ. ಹಳೇ ಫೆರ್ರಿಗಳಲ್ಲಿ ನಡೆದು ಹತ್ತುವವರಿಗೆ ದುಡ್ಡಿಲ್ಲ. ಮುಂದಿನ ಕಬ್ಬಿಣದ ಹಲಗೆ ಸರಪಳಿ ಸದ್ದು ಮಾಡುತ್ತಾ ಕೆಳಗೆ ಇಳಿಯುತ್ತದೆ, ಕಾರು, ಬೈಕು, ಮೀನಿನ ಬುಟ್ಟಿ, ಜನ ಎಲ್ಲ ಒಟ್ಟಿಗೆ ನುಗ್ಗುತ್ತಾರೆ. ನನ್ನ ಮಗ ನಾಲ್ಕು ವರ್ಷದವನಿದ್ದಾಗ ಒಂದೇ ಮಧ್ಯಾಹ್ನ ಆರು ಸಲ ಹೋಗಿ ಬಂದಿದ್ದೆವು. ಕೊನೆಗೆ ಫೆರ್ರಿಯವನು ಅವನನ್ನು ಕರೆದು ಸರಪಳಿ ಮುಟ್ಟಿಸಿದ. ಚೋರಾಂವ್‌ನಲ್ಲಿ ಇಳಿದರೆ ಅಲ್ಲೇ ಸಲೀಂ ಅಲಿ ಪಕ್ಷಿಧಾಮ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ನಡೆಯುವ ದಾರಿ.

ವಿಮಾನದ ಹುಚ್ಚಿರುವ ಮಕ್ಕಳಿಗೆ ದಾಬೋಲಿಂ ಹತ್ತಿರ, ಬೋಗ್ಮಾಲೊ ರಸ್ತೆಯಲ್ಲಿ ನೌಕಾಪಡೆಯ ವಿಮಾನ ಮ್ಯೂಸಿಯಂ ಇದೆ, 1998ರದ್ದು. ಓಡುದಾರಿ ಇಲ್ಲದೆ ನಿಂತಲ್ಲಿಂದಲೇ ಮೇಲೆ ಏಳುತ್ತಿದ್ದ ಸೀ ಹ್ಯಾರಿಯರ್ ಅಲ್ಲಿ ನಿಂತಿದೆ. ಸೋಮವಾರ ರಜೆ. ನಾನು ನೆಂಟರನ್ನು ಕರೆದುಕೊಂಡು ಸೋಮವಾರವೇ ಹೋಗಿ ಗೇಟು ನೋಡಿ ಬಂದಿದ್ದೇನೆ, ಎರಡು ಸಲ. ಪಣಜಿಯ ಮಿರಾಮಾರ್‌ನಲ್ಲಿ ವಿಜ್ಞಾನ ಕೇಂದ್ರ, ಮಧ್ಯಾಹ್ನದ ಬಿಸಿಲಿಗೆ ಹೇಳಿ ಮಾಡಿಸಿದ್ದು. ಫೋಂಡಾ ಕಡೆ ಮಸಾಲೆ ತೋಟಗಳು. ಮೆಣಸಿನ ಬಳ್ಳಿ, ಜಾಯಿಕಾಯಿ ಮರ ನಮ್ಮ ಶಿರಸಿಯವರಿಗೆ ಹೊಸದಲ್ಲ, ಬೆಂಗಳೂರಿನ ಮಕ್ಕಳಿಗೆ ಹೊಸದು.

ಬೆಳಗಾವಿ-ಲೋಂಡಾ ಕಡೆಯಿಂದ ಅನಮೋಡ ಘಾಟ್ ಇಳಿದು ಬರುವವರು ತಾಂಬಡಿ ಸುರ್ಲದ ಮಹಾದೇವ ಗುಡಿ ನೋಡದೆ ಹೋಗಬೇಡಿ. ಕಾಡಿನ ನಡುವೆ ಕಪ್ಪು ಕಲ್ಲಿನ ಸಣ್ಣ ಗುಡಿ, ಕದಂಬರ ಕಾಲದ್ದು, ಸುಮಾರು 12ನೇ ಶತಮಾನ. ಬನವಾಸಿ, ಹಾನಗಲ್ಲು ಕಂಡವರಿಗೆ ಪರಿಚಯದ ಮುಖ ನೋಡಿದ ಹಾಗಾಗುತ್ತದೆ. ಪಕ್ಕದಲ್ಲೇ ಹೊಳೆ. ಮಕ್ಕಳು ಗುಡಿಗಿಂತ ಹೊಳೆಯಲ್ಲೇ ಹೆಚ್ಚು ಹೊತ್ತು ಕಳೆಯುತ್ತಾರೆ, ಕಳೆಯಲಿ ಬಿಡಿ.

ದೂಧಸಾಗರ ಚೆನ್ನಾಗಿದೆ. ಆದರೆ ಕುಳೆ ಅನ್ನುವ ಊರಿನಿಂದ ಜೀಪಿನಲ್ಲಿ ಕಲ್ಲು ದಾರಿ, ಆಮೇಲೆ ಬಂಡೆ ಹತ್ತುವುದು. ಐದರ ಒಳಗಿನವರಿಗೆ ನಾನು ಹೇಳಲ್ಲ.

## ದೊಡ್ಡವರ ಪಾಳಿ

ಕ್ಯಾಸಿನೊ ಹಡಗಲ್ಲಿ ಮಕ್ಕಳಿಗೂ ಆಟದ ಕೋಣೆ ಇರುತ್ತಂತೆ. ಒಂದ್ಸಲ ನೋಡ್ಕೊಂಡು ಬರೋಣ ಅಂತ…

ಕೆಲವು ಹಡಗುಗಳಲ್ಲಿ ಮಕ್ಕಳಿಗೆ ಬೇರೆ ಕೋಣೆ ಇಡುತ್ತಾರೆ, ನಿಜ. ಜೂಜಿನ ಕೋಣೆಗೆ 21 ತುಂಬದವರಿಗೆ ಪ್ರವೇಶವಿಲ್ಲ. ಅಂದರೆ ನೀವು ಒಳಗೆ, ಮಗು ಗುರುತಿಲ್ಲದವರ ಜೊತೆ ಇನ್ನೊಂದು ಕೋಣೆಯಲ್ಲಿ. ಹಡಗು ನದಿಯ ನಡುವೆ, ಇಳಿಯಬೇಕೆಂದರೆ ಸಣ್ಣ ದೋಣಿ ಬರುವವರೆಗೆ ಕಾಯಬೇಕು. ರಾತ್ರಿ ಹತ್ತಕ್ಕೆ ಮಗು ರಚ್ಚೆ ಹಿಡಿದರೆ? ಒಂದು ಹದಿನೈದು ನಿಮಿಷ ಅಂತ ಒಳಗೆ ಹೋದವರು ಹದಿನೈದು ನಿಮಿಷಕ್ಕೆ ಹೊರಗೆ ಬಂದದ್ದನ್ನು ನಾನಂತೂ ಕೇಳಿಲ್ಲ.

ಹಡಗು ನೋಡುವುದೇ ಆಸೆ ಆದರೆ ಸಂಜೆ ಏಳಕ್ಕೆ ಪಣಜಿಯ ನದಿ ದಂಡೆಯಲ್ಲಿ ಐಸ್‌ಕ್ರೀಮ್ ಕೊಡಿಸಿ ನಿಂತುಕೊಳ್ಳಿ. ದೀಪದ ಹಡಗು ಬಿಟ್ಟಿಯಾಗಿ ಕಾಣುತ್ತವೆ. ನನ್ನ ಮಗಳು ಅದನ್ನು ಮದುವೆ ಮನೆ ಅಂತಲೇ ತಿಳಿದಿದ್ದಳು. ಹಾಗೆ ನೋಡಿದರೆ 2020ರಿಂದ ಗೋವಾದವರನ್ನೇ ಜೂಜಿನ ಕೋಣೆಗೆ ಬಿಡುವ ಹಾಗಿಲ್ಲ ಅಂತ ಸರ್ಕಾರವೇ ನಿಯಮ ಮಾಡಿದೆ. ಊರಿನವರಿಗೆ ಬೇಡದ್ದು ನೆಂಟರಿಗೆ ಬಡಿಸುವುದು ಅಂದರೆ ಇದೇ ಇರಬೇಕು.

ಸಂಜೆ ಬೋಟ್ ಕ್ರೂಸ್‌ಗೆ ಮಕ್ಕಳನ್ನ ಕರಕೊಂಡು ಹೋಗ್ಬಹುದಾ? ಅಲ್ಲೂ ಕುಡೀತಾರಾ?

ಹೋಗಬಹುದು. ಪಣಜಿ ಜೆಟ್ಟಿಯಿಂದ ಒಂದು ಗಂಟೆ ಹೋಗಿ ಬರುವ ದೋಣಿಗಳಿವೆ. ಮೊದಲು ಗೋವಾದ ಕುಣಿತ ತೋರಿಸುತ್ತಾರೆ, ಆಮೇಲೆ ಡಿಜೆ ಹಾಕಿ ಮಕ್ಕಳು, ಜೋಡಿಗಳು, ಗಂಡಸರು ಅಂತ ಸರದಿ ಪ್ರಕಾರ ವೇದಿಕೆಗೆ ಕರೆಯುತ್ತಾರೆ. ಮಕ್ಕಳ ಸರದಿ ಮುಗಿದ ಮೇಲೆ ಮೇಲಿನ ಅಂಚಿಗೆ ಬಂದು ಗಾಳಿಗೆ ಕೂತರೆ ಆಯಿತು. ಸೂರ್ಯ ಮುಳುಗುವ ಹೊತ್ತಿನ ದೋಣಿ ಹಿಡಿಯಿರಿ, ರಾತ್ರಿ ಊಟದ್ದು ಬೇಡ. ಸ್ಪೀಕರಿನಿಂದ ದೂರ ಇರಿ. ಒಂದು ವರ್ಷದ ಕೂಸಿನ ಕಿವಿಗೆ ಆ ಸದ್ದು ಜಾಸ್ತಿಯಾಯಿತು.

ಬಿಕಿನಿ ಹಾಕಿರೋರನ್ನ ನೋಡಿ ಮಗ ಏನಾದ್ರೂ ಕೇಳಿದ್ರೆ ಏನ್ ಹೇಳ್ಲಿ?

ಈಜಲು ಬಂದಿದ್ದಾರೆ, ಈಜುವ ಬಟ್ಟೆ ಹಾಕಿದ್ದಾರೆ ಅನ್ನಿ. ಐದು ವರ್ಷದವನಿಗೆ ಅಷ್ಟು ಸಾಕು, ಮುಂದಿನ ಪ್ರಶ್ನೆ ಏಡಿಯ ಬಗ್ಗೆ ಇರುತ್ತದೆ. ಮಕ್ಕಳು ಅಲ್ಲಿ ನೋಡುವುದು ಬಟ್ಟೆಯನ್ನಲ್ಲ, ಅದನ್ನು ನೋಡುತ್ತಿರುವ ಅಪ್ಪ-ಅಮ್ಮನ ಮುಖವನ್ನು. ನೀವು ಮುಖ ಸಿಂಡರಿಸಿದರೆ, ಮುಸಿಮುಸಿ ನಕ್ಕರೆ ಅದನ್ನೇ ಕಲಿಯುತ್ತಾರೆ.

ಇದಕ್ಕಿಂತ ನನಗೆ ಸಿಟ್ಟು ಬರಿಸುವುದು ಬೇರೆ. ಮಗುವನ್ನು ಮುಂದೆ ಕಳಿಸಿ ‘ಆಂಟಿ ಜೊತೆ ನಿಂತ್ಕೊ’ ಅಂತ ವಿದೇಶಿ ಹೆಂಗಸರ ಫೋಟೋ ತೆಗೆಯುತ್ತಾರಲ್ಲ, ಆ ಕೆಲಸ. ದಯವಿಟ್ಟು ಬೇಡ. ಮಗುವನ್ನು ನೆಪ ಮಾಡಿಕೊಳ್ಳುವುದು ಇನ್ನೂ ಕೆಟ್ಟದ್ದು.

ರೂಮ್ ಪಕ್ಕದಲ್ಲಿ ರಾತ್ರಿ ಎಲ್ಲ ಡಿಜೆ. ಮಗು ಮಲಗ್ತಾನೇ ಇಲ್ಲ. ಏನ್ ಮಾಡೋದು?

ಬಯಲಲ್ಲಿ ರಾತ್ರಿ ಹತ್ತರ ಮೇಲೆ ಸ್ಪೀಕರ್ ಹಾಕುವಂತಿಲ್ಲ. 112ಕ್ಕೆ ಫೋನ್ ಮಾಡಬಹುದು, ಒಮ್ಮೊಮ್ಮೆ ಸದ್ದು ನಿಲ್ಲುತ್ತದೆ, ಒಮ್ಮೊಮ್ಮೆ ಅರ್ಧ ಗಂಟೆ ಬಿಟ್ಟು ಮತ್ತೆ ಶುರುವಾಗುತ್ತದೆ. ಆದ್ದರಿಂದ ಬುಕ್ ಮಾಡುವ ಮುಂಚೆಯೇ ಮ್ಯಾಪ್ ತೆಗೆದು ಸುತ್ತ ಅರ್ಧ ಕಿಲೋಮೀಟರಿನಲ್ಲಿ ಕ್ಲಬ್ ಇದೆಯಾ ನೋಡಿ. ಜನ ಬರೆದ ಅಭಿಪ್ರಾಯಗಳಲ್ಲಿ ‘ಪಾರ್ಟಿ’, ‘ವೈಬ್’ ಅನ್ನುವ ಮಾತು ಪದೇ ಪದೇ ಬಂದಿದ್ದರೆ ಬಿಟ್ಟುಬಿಡಿ. ‘ತುಂಬಾ ಬೋರು, ರಾತ್ರಿ ಏನೂ ಇಲ್ಲ’ ಅಂತ ಯಾರೋ ಬೈದಿದ್ದರೆ ಅದೇ ನಿಮ್ಮ ರೂಮ್. ಮಕ್ಕಳನ್ನು ಒಳಗೇ ಬಿಡದ ಹೋಟೆಲ್‌ಗಳೂ ಇವೆ, ಫೋನ್ ಮಾಡಿ ಮಗುವಿನ ವಯಸ್ಸು ಹೇಳಿಯೇ ದುಡ್ಡು ಕಟ್ಟಿ.

ನಮ್ಮವರಿಗೆ ಗೋವಾಕ್ಕೆ ಬಂದ ಮೇಲೆ ಒಂದಿನ ಆದ್ರೂ ಪಾರ್ಟಿ ಬೇಕಂತೆ. ಹೆಂಗೆ ನಿಭಾಯಿಸ್ಲಿ?

ಈ ಪ್ರಶ್ನೆ ಯಾವಾಗಲೂ ಪಿಸುಮಾತಿನಲ್ಲಿ ಬರುತ್ತದೆ, ಹೆಂಡತಿಯರಿಂದ.

ನಾಲ್ಕು ವರ್ಷದ ಹಿಂದೆ ನಮ್ಮ ಕಡೆಯ ಎರಡು ಸಂಸಾರ ಬಂದಿದ್ದವು. ಕಲಂಗುಟ್ ಬೀಚು, ಮಧ್ಯಾಹ್ನ ನಾಲ್ಕು ಗಂಟೆ. ಗಂಡಸರು ಮೂವರು ಶ್ಯಾಕ್‌ನಲ್ಲಿ ಎರಡನೇ ಬಿಯರಿನಲ್ಲಿದ್ದರು. ಹೆಂಗಸರು ನಾವು ಬಟ್ಟೆ ಬದಲಿಸಲು ಹೋಗಿದ್ದೆವು, ನಾಲ್ಕು ವರ್ಷದ ಹುಡುಗನನ್ನು ಅವರ ಹತ್ತಿರ ಬಿಟ್ಟು. ವಾಪಸ್ ಬಂದರೆ ಹುಡುಗ ಇಲ್ಲ. ಒಬ್ಬರು ‘ನಿನ್ನ ಹತ್ರ ಇದ್ದ’ ಅನ್ನುತ್ತಾರೆ, ಇನ್ನೊಬ್ಬರು ‘ಅವನಮ್ಮನ ಜೊತೆ ಹೋದ’ ಅನ್ನುತ್ತಾರೆ. ಮೂವರೂ ಕುಡಿದು ಬಿದ್ದಿರಲಿಲ್ಲ. ಬರೀ ಹರಟೆಯಲ್ಲಿದ್ದರು, ಅಷ್ಟೆ. ನಾನು ನೀರಿನ ಕಡೆ ಓಡಿದೆ. ಅವನಮ್ಮ ಅಲ್ಲೇ ಕುಸಿದು ಕೂತಳು.

ಸಿಕ್ಕಿದ್ದು ಇನ್ನೂರು ಹೆಜ್ಜೆ ಆಚೆ, ಸರ ಮಾರುವ ಲಂಬಾಣಿ ಹೆಂಗಸಿನ ಹತ್ತಿರ. ಬೀಚಿನಲ್ಲಿ ಕನ್ನಡಿ ಬಟ್ಟೆ ಹಾಕಿ ಮಣಿಸರ, ಕಾಲ್ಗೆಜ್ಜೆ ಮಾರುತ್ತಾರಲ್ಲ, ಅವರಲ್ಲಿ ಎಷ್ಟೋ ಜನ ಗದಗ, ವಿಜಯಪುರ ಕಡೆಯವರು. ಹುಡುಗ ಅಳುತ್ತಾ ‘ಅವ್ವಾ’ ಅಂದದ್ದು ಕೇಳಿ ಅವಳು ಕೈ ಹಿಡಿದು ಕೂರಿಸಿಕೊಂಡಿದ್ದಳು. ಕೊರಳಿಗೆ ಕವಡೆ ಸರ ಹಾಕಿದ್ದಳು. ನನ್ನ ನೋಡಿ ‘ತಂಗಿ, ನಿಮ್ಮ ಕೂಸೇನ ಇದು? ನೀರ ಕಡೀಗೆ ಹೊಂಟಿತ್ತ ನೋಡವಾ’ ಅಂದಳು. ಸರಕ್ಕೆ ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ.

ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಕುಡಿಯುವವರು ಕುಡಿಯಲಿ. ಆದರೆ ತುಂಬಿದ ತಂಬಿಗೆಯ ಹಾಗೆ ಮಗುವನ್ನು ಕೈಯಿಂದ ಕೈಗೆ ಒಪ್ಪಿಸಬೇಕು, ಹೆಸರು ಹೇಳಿ: ‘ಈಗ ನಿನ್ನ ಹತ್ರ.’ ಒಪ್ಪಿಸಿಕೊಂಡವರ ಗ್ಲಾಸ್‌ನಲ್ಲಿ ಎಳನೀರೇ ಇರಬೇಕು. ‘ಎಲ್ಲರೂ ಇದ್ದೀವಲ್ಲ, ನೋಡ್ಕೊತೀವಿ’ ಅಂದರೆ ಯಾರೂ ನೋಡುತ್ತಿಲ್ಲ ಅಂತ. ಇನ್ನು ಪಾರ್ಟಿಯ ರಾತ್ರಿ. ಒಬ್ಬರು ರೂಮಿನಲ್ಲಿ ಮಕ್ಕಳ ಜೊತೆ, ಇನ್ನೊಬ್ಬರು ಟ್ಯಾಕ್ಸಿಯಲ್ಲಿ ಹೋಗಿ ಟ್ಯಾಕ್ಸಿಯಲ್ಲೇ ಬರಬೇಕು. ಮಾರನೇ ರಾತ್ರಿ ಸರದಿ ಬದಲು. ಹೆಂಡತಿಯರಿಗೂ ಸರದಿ ಇದೆ ಅಂದ ತಕ್ಷಣ ಎಷ್ಟೋ ಗಂಡಸರ ಪಾರ್ಟಿ ಆಸೆ ಅರ್ಧ ಇಳಿಯುವುದನ್ನು ನೋಡಿದ್ದೇನೆ.

ಮಗುವಿನ ಅಂಗಿಯ ಒಳಗಡೆ ಪೆನ್ನಿನಲ್ಲಿ ಫೋನ್ ನಂಬರ್ ಬರೆಯಿರಿ. ಬೀಚಿಗೆ ಹೋಗುವ ಮುಂಚೆ ಅವತ್ತಿನ ಬಟ್ಟೆಯಲ್ಲಿ ಒಂದು ಫೋಟೋ ತೆಗೆದಿಡಿ. ಕಾಣದಿದ್ದರೆ ಮೊದಲು ನೀರಿನ ಕಡೆ ನೋಡಿ, ಜೊತೆಗೇ ಒಬ್ಬರು ಲೈಫ್‌ಗಾರ್ಡ್ ಹತ್ತಿರ ಓಡಿ.

ಅತ್ತೆಯವರನ್ನೂ ಕರಕೊಂಡು ಬರ್ತಿದ್ದೀವಿ. ಅವರಿಗೆ ಇದೆಲ್ಲ ಹಿಡ್ಸುತ್ತಾ?

ಮೊದಲ ದಿನ ಮಂಗೇಶಿ, ಶಾಂತಾದುರ್ಗಾ ಗುಡಿ ತೋರಿಸಿಬಿಡಿ. ಎರಡೂ ಫೋಂಡಾ ತಾಲೂಕಿನಲ್ಲೇ ಇವೆ. ಚಡ್ಡಿ, ತೋಳಿಲ್ಲದ ಬಟ್ಟೆಗೆ ಒಳಗೆ ಬಿಡುವುದಿಲ್ಲ, ಮಕ್ಕಳದು ನಡೆಯುತ್ತದೆ. ಅಲ್ಲಿಗೆ ಅವರಿಗೆ ಗೋವಾ ಮೇಲೆ ನಂಬಿಕೆ ಬರುತ್ತದೆ. ನಮ್ಮ ಅತ್ತೆ ಈಗ ನನಗಿಂತ ಮುಂಚೆ ಬೀಚಿಗೆ ಹೊರಡುತ್ತಾರೆ, ಸೀರೆ ಮೊಣಕಾಲವರೆಗೆ ಎತ್ತಿ ಕಟ್ಟಿಕೊಂಡು.

ರೂಮ್ ಎಲ್ಲ ಯಾಕೆ, ನಿಮ್ಮನೇಲೇ ಉಳ್ಕೋಬಹುದಲ್ಲ?

ಬನ್ನಿ. ಎರಡೇ ಕೋಣೆ, ಒಂದೇ ಬಚ್ಚಲು, ಬೀಚು ನಡೆದು ಹೋಗುವ ದೂರದಲ್ಲಿಲ್ಲ. ಆದರೆ ಮಾಳಿಗೆ ಮೇಲೆ ನಿಂತರೆ ದಾಬೋಲಿಂಗೆ ಇಳಿಯುವ ವಿಮಾನ ತಲೆ ಮೇಲೇ ಹೋಗುತ್ತದೆ. ಕಳೆದ ಸಲ ಬಂದ ಅಣ್ಣನ ಮಗಳು ಬೀಚಿಗೂ ಬರದೆ ಒಂದು ಬೆಳಗ್ಗೆ ಹನ್ನೊಂದು ವಿಮಾನ ಎಣಿಸಿದಳು. ಬರುವಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತನ್ನಿ. ಡಿಸೆಂಬರ್ ಕೊನೆ ವಾರ ಮಾತ್ರ ಕೇಳಬೇಡಿ, ಆಗ ನಾವೇ ಹುಬ್ಬಳ್ಳಿಯಲ್ಲಿರುತ್ತೇವೆ.